ಒಂದು ಮೊಟ್ಟೆ, ಎರಡು ಡಬ್ಬಿ

ಶನಿವಾರ ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷ. ನಾನು ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಒಂದು ಕೋಳಿಮೊಟ್ಟೆಯ ಬಿಳಿಯನ್ನು ಹಳದಿಯಿಂದ ಬೇರ್ಪಡಿಸುತ್ತಿದ್ದೆ.

ಹೆಂಡತಿ ಕಣ್ಣುಜ್ಜಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತಳು.

"ಏನ್ರೀ ಇದು? ಇವತ್ತು ಆಸ್ಪತ್ರೆಗೆ ಹೋಗೋದಿದೆ ಅಂದಿದ್ರಲ್ಲ!"

"ಅದಕ್ಕೇ ಇದು."

"ಪರೀಕ್ಷೆಗೆ ಕೊಡಬೇಕಾದ್ದು ನಿಮ್ಮದು ಕಣ್ರೀ, ಕೋಳಿದಲ್ಲ!"

ನಾನು ನಕ್ಕೆ. ವಿಜ್ಞಾನ ಬಲ್ಲವನು ಅರಿಯದವರನ್ನು ಕಂಡು ನಗುವ ನಗೆ. "ನೋಡ್ತಾ ಇರು. ಆ ಆಸ್ಪತ್ರೆ ಕಟ್ಟಿದ ಲಾಗಾಯ್ತು ಇಷ್ಟು ಕ್ರಮಬದ್ಧವಾದ ಮಾದರಿ ಅದರ ಕಿಟಕಿಗೆ ಬಂದಿರಲಿಕ್ಕಿಲ್ಲ. ಇನ್ನು ಮುಂದೆ ಬರೋದೂ ಇಲ್ಲ!"

ಎರಡನೆಯ ಮಾತಂತೂ ಅಕ್ಷರಶಃ ನಿಜವಾಯಿತು. ನನ್ನಂಥವರು ಮತ್ತೆ ಬರಬಾರದೆಂದು ಅಲ್ಲಿ ಈಗ ಬೋರ್ಡನ್ನೇ ಹಾಕಿದ್ದಾರೆ.

ವಿಷಯ ಹೀಗೆ. ನಾನು ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಹದಿಮೂರು ವರ್ಷಗಳಿಂದ ನೀರು ಪರೀಕ್ಷೆ ಮಾಡುವವನು. ಮದುವೆಯಾಗಿ ಆರು ವರ್ಷ. ಮಕ್ಕಳಿಲ್ಲ. ಹೆಂಡತಿಗೆ ಏಳು ಬಗೆಯ ಪರೀಕ್ಷೆಗಳಾಗಿ ಅವಳ ಫೈಲು ಎಷ್ಟು ದಪ್ಪವಾಗಿತ್ತೆಂದರೆ ಅದಕ್ಕೆ ಹಾಕಿದ ರಬ್ಬರ್ ಬ್ಯಾಂಡು ಎರಡು ಸಲ ಹರಿದಿತ್ತು. ನನ್ನ ಹೆಸರಿನಲ್ಲಿ ಒಂದು ಹಾಳೆಯೂ ಇರಲಿಲ್ಲ. ಎರಡು ದಿನಕ್ಕೊಮ್ಮೆ ಫೋನ್ ಮಾಡುವ ನನ್ನ ಅಮ್ಮ, "ಅವಳಿಗೆ ಏನು ತೊಂದರೆಯಂತೆ?" ಎಂದೇ ಕೇಳುತ್ತಿದ್ದರು. ನಾನು, "ನೋಡ್ತಿದ್ದಾರಮ್ಮ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಏಳೂ ವರದಿಗಳ ಕೊನೆಯಲ್ಲಿ 'ಸರಿಯಾಗಿದೆ' ಎಂದು ಬರೆದಿತ್ತೆಂಬುದನ್ನು ನಾನು ಹೇಳುತ್ತಿರಲಿಲ್ಲ.

ಕೊನೆಗೆ ಡಾಕ್ಟರಮ್ಮನೇ ಪೆನ್ನು ನನ್ನ ಕಡೆ ತಿರುಗಿಸಿದರು. "ಇವರನ್ನ ಚುಚ್ಚಿದ್ದು ಸಾಕು. ಈಗ ನೀವು. ಬಿಸಿ ಯಂತ್ರಗಳ ಹತ್ತಿರ ಕೆಲಸ ಮಾಡೋ ಗಂಡಸರ ವೀರ್ಯದ ಬಗ್ಗೆ ನಮ್ಮಲ್ಲೇ ಒಂದು ಸಂಶೋಧನೆ ನಡೀತಿದೆ. ನಿಮ್ಮ ಲ್ಯಾಬಲ್ಲಿ ಬಾಟಲಿ ಕುದಿಸೋ ಯಂತ್ರ ಇದೆ ಅಲ್ವಾ? ಸೇರ್ಕೊಳ್ಳಿ. ಒಂದು ಪರೀಕ್ಷೆ ಈಗ, ಇನ್ನೊಂದು ಮೂರು ತಿಂಗಳ ಮೇಲೆ" ಎಂದು ಎರಡು ಡಬ್ಬಿ ಕೈಗಿಟ್ಟರು. ಮನೆಯಲ್ಲೇ ಮಾದರಿ ತೆಗೆಯಬಹುದು. ಆದರೆ ಒಂದು ಗಂಟೆಯೊಳಗೆ ಕಿಟಕಿಗೆ ತಲುಪಬೇಕು, ದಾರಿಯುದ್ದಕ್ಕೂ ಮೈಯಷ್ಟೇ ಬೆಚ್ಚಗಿರಬೇಕು.

ಬೆಚ್ಚಗಿದೆಯೆಂದು ತಿಳಿಯುವುದು ಹೇಗೆ? ಸಾಮಾನ್ಯ ಗಂಡಸು ಕಿಸೆಯಲ್ಲಿಟ್ಟುಕೊಂಡು ಹೊರಟುಬಿಡುತ್ತಾನೆ. ನಾನು ಸಾಮಾನ್ಯನೇ? ನಮ್ಮ ಲ್ಯಾಬಿಗೆ ಹಳ್ಳಿಗಳಿಂದ ನೀರಿನ ಬಾಟಲಿಗಳು ತಣ್ಣನೆಯ ಪೆಟ್ಟಿಗೆಯಲ್ಲಿ ಬರುವಾಗ ಜೊತೆಗೆ ಒಂದು 'ಸಾಕ್ಷಿ ಬಾಟಲಿ' ಇರುತ್ತದೆ. ಥರ್ಮಾಮೀಟರನ್ನು ಅದಕ್ಕೆ ಮಾತ್ರ ಅದ್ದುತ್ತೇವೆ. ಅಸಲಿ ಮಾದರಿಯನ್ನು ಮುಟ್ಟುವುದಿಲ್ಲ. ಹಾಗೆಯೇ ಇಲ್ಲೂ ಎರಡನೆಯ ಡಬ್ಬಿಯಲ್ಲಿ ಸಾಕ್ಷಿ! ಬಣ್ಣ, ಸಾಂದ್ರತೆ, ಅಂಟು ಎಲ್ಲದರಲ್ಲೂ ಹತ್ತಿರದ ಸಂಬಂಧಿ ಯಾರು? ಮೊಟ್ಟೆಯ ಬಿಳಿ!

"ಅಂದ್ರೆ ಈ ಮೊಟ್ಟೆಗೆ ಜ್ವರ ನೋಡ್ಕೊಂಡು ಹೋಗ್ತೀರಾ?" ಎಂದಳು ಹೆಂಡತಿ.

"ಪ್ರತಿ ಹತ್ತು ನಿಮಿಷಕ್ಕೊಮ್ಮೆ."

"ಸ್ಕೂಟರ್ ನಾನೇ ಓಡಿಸ್ತೀನಿ" ಎಂದು ಅವಳು ನಿಟ್ಟುಸಿರು ಬಿಟ್ಟಳು.

ಏಳು ಇಪ್ಪತ್ತೈದಕ್ಕೆ ಮಾದರಿ ಸಿದ್ಧ. ಎರಡೂ ಡಬ್ಬಿ ಅವಳಿಜವಳಿ. ಆದ್ದರಿಂದ ಒಂದರ ಮುಚ್ಚಳದ ಮೇಲೆ 'ಅಸಲು', ಇನ್ನೊಂದರ ಮುಚ್ಚಳದ ಮೇಲೆ 'ಸಾಕ್ಷಿ' ಎಂದು ಗುಂಡಗೆ ಬರೆದೆ. ಎರಡನ್ನೂ ಬರಿಮೈಗೆ ತಾಗುವಂತೆ ಹೊಟ್ಟೆಯ ಮೇಲಿಟ್ಟು, ಉಣ್ಣೆಯ ಶಾಲು ಸುತ್ತಿ, ಮೇಲೆ ಅಂಗಿ ತೊಟ್ಟು ಸ್ಕೂಟರಿನ ಹಿಂದೆ ಕೂತೆ.

"ಈ ಮನೇಲಿ ಮೊದಲು ಹೊಟ್ಟೆ ಬಂದಿದ್ದು ನಿಮಗೇ ನೋಡಿ" ಎಂದಳು ಹೆಂಡತಿ, ಕನ್ನಡಿಯಲ್ಲಿ ನನ್ನನ್ನು ನೋಡಿ.

ಮೊದಲ ಹತ್ತು ನಿಮಿಷಕ್ಕೆ ಮೂವತ್ತಾರು ಡಿಗ್ರಿ. ಎರಡನೆಯದಕ್ಕೆ ಮೂವತ್ತೈದೂವರೆ. ಮೂರನೆಯ ಸಲ ಸೇತುವೆಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ, ಸಾಕ್ಷಿಯ ಮುಚ್ಚಳ ತೆಗೆದು ಥರ್ಮಾಮೀಟರ್ ಅದ್ದಿದೆ. ಅಷ್ಟರಲ್ಲಿ ಅಸಲಿನ ಮುಚ್ಚಳ ಓರೆಯಾಗಿ ಕೂತಂತೆ ಕಂಡಿತು. ಅದನ್ನೂ ತೆಗೆದು ಸರಿಪಡಿಸೋಣವೆಂದು ಬಿಚ್ಚಿದೆ. ಎರಡು ಡಬ್ಬಿ, ಎರಡು ಮುಚ್ಚಳ, ಒಂದು ಥರ್ಮಾಮೀಟರ್, ಬಿಚ್ಚಿದ ಅಂಗಿ. ಕೈ ಮಾತ್ರ ಎರಡೇ! ಅದೇ ಹೊತ್ತಿಗೆ ಬೆನ್ನ ಹಿಂದೆ ಪೀಪಿಯ ಸದ್ದಾಯಿತು.

"ಏನ್ರೀ ಅದು, ಹೊಟ್ಟೆ ಮೇಲೆ?" ಟ್ರಾಫಿಕ್ ಪೊಲೀಸರು.

"ಸಂಶೋಧನೆ, ಸಾರ್!"

"ಸೇತುವೆ ಮೇಲೆ ಅಂಗಿ ಬಿಚ್ಚಿಕೊಂಡು ಏನು ಸಂಶೋಧನೆ?"

ಹೆಂಡತಿ ತಿರುಗಿ, "ಇವರದ್ದು ಅರ್ಜೆಂಟ್ ಸಾರ್. ಇನ್ನು ಅರ್ಧ ಗಂಟೆ ಕೂಡ ತಡೆಯಲ್ಲ" ಎಂದಳು.

ಪೊಲೀಸರು ನನ್ನ ಹೊಟ್ಟೆಯನ್ನೂ ಬೆವರಿದ ಮುಖವನ್ನೂ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಹೊಟ್ಟೆ ಕೆಟ್ಟಿದೆಯಾ? ಮೊದಲೇ ಹೇಳಬಾರದಾ! ಹೋಗಿ, ಹೋಗಿ!" ಎಂದು ಎದುರಿನ ಬಸ್ಸನ್ನೇ ತಡೆದು ದಾರಿ ಬಿಡಿಸಿದರು. ನಾನು ಸಿಕ್ಕ ಮುಚ್ಚಳಗಳನ್ನು ಸಿಕ್ಕ ಡಬ್ಬಿಗಳಿಗೆ ತಿರುಚಿ ಶಾಲಿನೊಳಗೆ ತುರುಕಿದೆ.

ಕಿಟಕಿಯಲ್ಲಿ ಕನ್ನಡಕದ ತಂತ್ರಜ್ಞೆ ಡಬ್ಬಿ ತೆಗೆದುಕೊಂಡರು. "ಎಷ್ಟು ಹೊತ್ತಾಯ್ತು, ಸರ್?"

"ನಲವತ್ತೇಳು ನಿಮಿಷ. ಸರಾಸರಿ ಶಾಖ ಮೂವತ್ತೈದು ಪಾಯಿಂಟ್ ಆರು."

"ಶಾಖ ನಾನು ಕೇಳ್ಲಿಲ್ಲ, ಸರ್."

"ಕೇಳಬೇಕಿತ್ತು" ಎಂದೆ ಗಂಭೀರವಾಗಿ. ಹೆಂಡತಿ ನನ್ನ ತೋಳು ಹಿಡಿದು ಎಳೆದುಕೊಂಡು ಹೊರಟಳು.

ಮನೆಗೆ ಬಂದು, ಕೆಲಸ ಮುಗಿಸಿದ ಸಾಕ್ಷಿಯನ್ನು ಬಾಲ್ಕನಿಯ ದಾಸವಾಳದ ಕುಂಡಕ್ಕೆ ಸುರಿದು ಡಬ್ಬಿ ತೊಳೆದಿಟ್ಟೆ. ಮಣ್ಣಿಗೆ ಪ್ರೋಟೀನ್ ಒಳ್ಳೆಯದು.

ಮಂಗಳವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಲ್ಯಾಬಿನಲ್ಲಿದ್ದಾಗ ತಂತ್ರಜ್ಞೆಯ ಫೋನ್ ಬಂತು.

"ಸರ್, ನಿಮ್ಮ ಎಣಿಕೆ... ಸೊನ್ನೆ."

"ವೆರಿ ಗುಡ್!" ಎಂದುಬಿಟ್ಟೆ.

ಅಭ್ಯಾಸ, ಸ್ವಾಮಿ! ಹದಿಮೂರು ವರ್ಷಗಳಿಂದ ನಮ್ಮಲ್ಲಿ ಕ್ರಿಮಿಯ ಎಣಿಕೆ ಸೊನ್ನೆ ಬಂದರೇನೇ ಊರಿಗೆ ನೀರು ಬಿಡುವುದು. ಸೊನ್ನೆ ಎಂದರೆ ನನ್ನ ಕಿವಿಗೆ ಮಂಗಳವಾದ್ಯ. ಅತ್ತ ಕಡೆ ತಂತ್ರಜ್ಞೆ, "ಸರ್, ಕೇಳಿಸ್ತಾ?" ಎಂದರು. ಇತ್ತ ನನಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಫೋನ್ ಇಟ್ಟ ಮೇಲೆ ನೀರಿನ ಬಾಟಲಿಗಳ ಮುಂದೆ ಸುಮ್ಮನೆ ಕೂತೆ. ಬಾಟಲಿಗಳಿಗೂ ನನಗೂ ಈಗ ವ್ಯತ್ಯಾಸವಿರಲಿಲ್ಲ. ಇಬ್ಬರೂ ಕುಡಿಯಲು ಯೋಗ್ಯ.

ಮನೆಗೆ ಹೋಗಿ, ಯಾಕೆಂದು ನನಗೇ ತಿಳಿಯದೆ, ಹೆಂಡತಿಯ ಫೈಲು ಬಿಚ್ಚಿದೆ. ಆರು ವರ್ಷಗಳಲ್ಲಿ ಮೊದಲ ಸಲ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ತಾರೀಖುಗಳನ್ನು ನನ್ನ ಡೈರಿಯ ಜೊತೆ ಹೊಂದಿಸಿ ನೋಡಿದೆ. ಏಳರಲ್ಲಿ ಎರಡಕ್ಕೆ ಮಾತ್ರ ನಾನು ಜೊತೆಗೆ ಹೋಗಿದ್ದೆ. ಉಳಿದ ಐದು ದಿನ ನಾನು ನೀರು ನೋಡುತ್ತಿದ್ದೆ.

"ಸೊನ್ನೆಯಂತೆ ಕಣೇ" ಎಂದೆ ಅವಳು ಬಂದಾಗ.

ಅವಳು ಚೀಲ ಕೆಳಗಿಟ್ಟು ನನ್ನ ಪಕ್ಕ ಕೂತಳು. ಬಿಚ್ಚಿದ್ದ ಫೈಲನ್ನು ಮಡಚಿ ರಬ್ಬರ್ ಬ್ಯಾಂಡು ಹಾಕಿದಳು. ಆಮೇಲೆ, "ಆಯ್ತು. ಗುರುವಾರ ಡಾಕ್ಟ್ರನ್ನ ಕೇಳೋಣ. ಈಗ ಎದ್ದು ಊಟ ಮಾಡಿ" ಎಂದಳು.

ಅಷ್ಟರಲ್ಲಿ ಅಮ್ಮನ ಫೋನು. ನಾನು ಫೋನನ್ನು ನೋಡುತ್ತಾ ಕೂತೆ. ಹೆಂಡತಿಯೇ ಎತ್ತಿದಳು. ಅತ್ತಲಿಂದ ಮಾಮೂಲಿ ಪ್ರಶ್ನೆ. "ನೋಡ್ತಿದ್ದಾರೆ ಅತ್ತೆ" ಎಂದಳು. ನಾನು ಆರು ವರ್ಷ ಹೇಳುತ್ತಿದ್ದ ಅದೇ ಮಾತು. ಅವಳ ಬಾಯಲ್ಲಿ ಅದು ನನ್ನನ್ನು ಮುಚ್ಚಿಡಲು ಬಂದಿತ್ತು.

ಬುಧವಾರ ನಾನು ಸುಧಾರಣೆಗೆ ತೊಡಗಿದೆ. ಬಿಸಿನೀರಿನ ಸ್ನಾನ ಬಂದ್. ತೊಡೆಯ ಮೇಲಿದ್ದ ಲ್ಯಾಪ್‌ಟಾಪನ್ನು ಇಸ್ತ್ರಿ ಮೇಜಿಗೆ ಏರಿಸಿದೆ. ಬಿಗಿ ಪ್ಯಾಂಟುಗಳನ್ನೆಲ್ಲ ಗಂಟು ಕಟ್ಟಿ, ಅಪ್ಪನ ಹಳೆಯ ದೊಗಳೆ ಪ್ಯಾಂಟನ್ನು ಬೆಲ್ಟಿನಿಂದ ಬಿಗಿದುಕೊಂಡು ಕಚೇರಿಗೆ ಹೋದೆ.

"ಏನಯ್ಯಾ, ಒಳಗೆ ಇನ್ನೊಬ್ಬರು ಹಿಡಿಸ್ತಾರಲ್ಲ!" ಎಂದರು ನಮ್ಮ ಮುಖ್ಯಸ್ಥರು.

"ಗಾಳಿ ಆಡಬೇಕು ಸಾರ್" ಎಂದೆ. ಅವರು ಮುಂದೆ ಕೇಳಲಿಲ್ಲ.

ಗುರುವಾರ ಡಾಕ್ಟರಮ್ಮನ ಕೋಣೆಯಲ್ಲಿ ಡಾಕ್ಟರಮ್ಮ, ತಂತ್ರಜ್ಞೆ ಮತ್ತು ಸಂಶೋಧನೆಯ ಹಿರಿಯ ಪ್ರೊಫೆಸರ್, ಮೂವರೂ ಕಾದಿದ್ದರು. ಪ್ರೊಫೆಸರ್ ಎದ್ದು ಬಂದು ನನ್ನ ಕೈ ಕುಲುಕಿದರು. ರೋಗಿಯ ಕೈ ಹೀಗೆ ಕುಲುಕುವವರನ್ನು ನಾನು ಕಂಡಿರಲಿಲ್ಲ.

"ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಇಂಥದ್ದು ನೋಡಿಲ್ಲ! ವೀರ್ಯಾಣು ಇಲ್ಲ, ಅದು ಹೋಗಲಿ. ಅರ್ಧ ಗಂಟೆಗೆ ತೆಳುವಾಗಬೇಕು, ಇಡೀ ದಿನ ಕಳೆದ್ರೂ ಆಗಲಿಲ್ಲ. ಇರಬೇಕಾದ ಸಕ್ಕರೆ ಇಲ್ಲ. ಕ್ಷಾರ ನೋಡಿದ್ರೆ ಪಿಎಚ್ ಒಂಬತ್ತರ ಹತ್ತಿರ! ನಿಮಗೆ ಉರಿಗಿರಿ?"

"ಇಲ್ಲ ಸಾರ್."

"ಅದ್ಭುತ! ಇದು ಹೊಸದೇ ಒಂದು ಸ್ಥಿತಿ. ಪ್ರಬಂಧ ಬರೀತಿದ್ದೀವಿ."

ನನಗೆ ಏನೊಂದೂ ತಲೆಗೆ ಹೋಗಲಿಲ್ಲ. ನನ್ನೊಳಗೆ ಜಗತ್ತಿನ ಯಾವ ಗಂಡಸಿನಲ್ಲೂ ಇಲ್ಲದ ದ್ರವವೊಂದು ಉತ್ಪತ್ತಿಯಾಗುತ್ತಿದೆಯೇ? ಅಳಬೇಕೋ, ಎದೆಯುಬ್ಬಿಸಬೇಕೋ? ಸತ್ಯ ಹೇಳುತ್ತೇನೆ, ಒಂದು ಕ್ಷಣ ಸ್ವಲ್ಪ ಎದೆಯುಬ್ಬಿತು.

ಹೆಂಡತಿ ಮಾತ್ರ ವರದಿಯನ್ನು ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದಳು. ಮೆಲ್ಲಗೆ ತಲೆಯೆತ್ತಿದಳು.

"ಸಾರ್, ಅದನ್ನ ಬಿಸಿ ಮಾಡಿ ನೋಡಿದ್ರಾ?"

"ಬಿಸಿ? ಯಾವುದರಲ್ಲಿ?"

"ಬಾಣಲೆಯಲ್ಲಿ. ಸ್ವಲ್ಪ ಎಣ್ಣೆ, ಒಂದು ಚಿಟಿಕೆ ಉಪ್ಪು."

ನನ್ನ ಕಣ್ಣ ಮುಂದೆ ಸೇತುವೆ, ಪೀಪಿ, ಎರಡು ಮುಚ್ಚಳಗಳು ಒಂದೊಂದಾಗಿ ಹಾದುಹೋದವು. ತೊದಲುತ್ತಾ ಎಲ್ಲವನ್ನೂ ಒಪ್ಪಿಕೊಂಡೆ. ಪ್ರೊಫೆಸರ್ ಕುಲುಕಿದ ತಮ್ಮ ಕೈಯನ್ನು ವಾಪಸ್ ಕೇಳುವವರಂತೆ ನನ್ನನ್ನು ನೋಡಿದರು.

"ಸರ್, ನೀವು ಲ್ಯಾಬಿನವರು ಅಂದ್ರಲ್ಲ" ಎಂದರು ತಂತ್ರಜ್ಞೆ, ಬಹಳ ವಿನಯದಿಂದ. "ಹೆಸರನ್ನ ಮುಚ್ಚಳದ ಮೇಲೆ ಬರೀತಾರಾ?"

ಬರೆಯುವುದಿಲ್ಲ! ಮುಚ್ಚಳ ಅದಲುಬದಲಾಗುತ್ತದೆ, ಡಬ್ಬಿಯ ಮೈಮೇಲೆ ಬರೆಯಿರಿ ಎಂದು ಹದಿಮೂರು ವರ್ಷಗಳಿಂದ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಪಾಠ ಹೇಳುವವನು ನಾನೇ!

ಡಾಕ್ಟರಮ್ಮ ನಗು ತಡೆದುಕೊಂಡು, "ಹಾಗಾದ್ರೆ ಅಸಲಿ ಡಬ್ಬಿ ಎಲ್ಲಿ ಹೋಯ್ತು?" ಎಂದರು.

"ದಾಸವಾಳದ ಕುಂಡಕ್ಕೆ" ಎಂದೆ, ನೆಲ ನೋಡುತ್ತಾ.

"ನಾಲ್ಕು ಮೊಗ್ಗು ಬಿಟ್ಟಿದೆ ಡಾಕ್ಟ್ರೇ!" ಎಂದಳು ಹೆಂಡತಿ. "ಅದಕ್ಕೇ ನನಗೆ ಅನುಮಾನ ಬಂದದ್ದು. ಅಷ್ಟೂ ಸೊನ್ನೆ ಆಗಿರಲಿಕ್ಕಿಲ್ಲ ಅಂತ."

ಮುಂದಿನ ಶನಿವಾರ ಮತ್ತೆ ಮಾದರಿ. ಈ ಸಲ ಆಸ್ಪತ್ರೆಯಲ್ಲೇ, ಅವರದೇ ಕೋಣೆಯಲ್ಲಿ, ಅವರೇ ಮೈಮೇಲೆ ಹೆಸರು ಬರೆದ ಒಂದೇ ಡಬ್ಬಿ. ಒಳಗೆ ಬಿಡುವ ಮುನ್ನ ತಂತ್ರಜ್ಞೆ ನನ್ನ ಕಿಸೆ ನೋಡಿ ಥರ್ಮಾಮೀಟರ್ ತೆಗೆದಿಟ್ಟುಕೊಂಡರು. ಹೊರಬಂದಾಗ ಬಾಗಿಲ ಪಕ್ಕದಲ್ಲಿ ಹೊಸ ಬೋರ್ಡು: 'ಮಾದರಿಯ ಜೊತೆ ಬೇರೆ ಯಾವ ವಸ್ತುವನ್ನೂ ತರಬಾರದು.' ಕೆಳಗೆ ಯಾರೋ ಪೆನ್ಸಿಲಿನಲ್ಲಿ ಒಂದು ಮೊಟ್ಟೆಯ ಚಿತ್ರ ಬರೆದಿದ್ದರು.

ಈ ಬಾರಿಯ ವರದಿಯಲ್ಲಿ ಸೊನ್ನೆ ಇರಲಿಲ್ಲ. ಆದರೆ ಇರಬೇಕಾದ್ದಕ್ಕಿಂತ ಅರ್ಧಕ್ಕೂ ಕಡಿಮೆ. "ದಾರಿ ಮುಚ್ಚಿಲ್ಲ" ಎಂದರು ಡಾಕ್ಟರಮ್ಮ. "ಬಿಸಿ ಯಂತ್ರದ ಹತ್ತಿರ ಬೇರೆಯವರನ್ನ ನಿಲ್ಲಿಸೋದಲ್ಲ, ಯಂತ್ರವನ್ನೇ ಗೋಡೆಯಾಚೆ ಇಡಿಸಿ. ದೊಗಳೆ ಪ್ಯಾಂಟು ಇರಲಿ. ಮೂರು ತಿಂಗಳಾದ ಮೇಲೆ ನೋಡೋಣ. ಕಡಿಮೆ ಇರೋದು ನಿಮ್ಮಲ್ಲಿ ಅನ್ನೋದಂತೂ ಈಗ ಗೊತ್ತಾಯ್ತಲ್ಲ."

ಮರುದಿನ ಬಾಲ್ಕನಿಯಲ್ಲಿ ಹೆಂಡತಿ ಕುಂಡಕ್ಕೆ ನೀರು ಹಾಕುತ್ತಿದ್ದಾಗ ಅಮ್ಮನ ಫೋನ್ ಬಂತು. ಅವಳು ಕೈಚಾಚಿದಳು. ನಾನು ಕೊಡಲಿಲ್ಲ. ಸ್ಪೀಕರ್ ಹಾಕಿದೆ.

"ಅವಳಿಗೆ ಏನಂತೋ?"

"ಅವಳಿಗೆ ಏನೂ ಇಲ್ಲಮ್ಮ. ಆರು ವರ್ಷದಿಂದ ಏನೂ ಇಲ್ಲ. ಏಳು ವರದಿಯಲ್ಲೂ ಹಾಗೇ ಬರೆದಿದೆ. ನಾನೇ ನಿಮಗೆ ಹೇಳಿರಲಿಲ್ಲ. ಕಡಿಮೆ ಇರೋದು ನನ್ನಲ್ಲಿ."

ಹೆಂಡತಿಯ ಕೈಯ ಚೊಂಬು ಬಗ್ಗಿದ ಹಾಗೇ ನಿಂತಿತು. ನೀರು ಕುಂಡ ತುಂಬಿ ನೆಲಕ್ಕೆ ಹರಿಯುತ್ತಿತ್ತು. "ಕಡಿಮೆ ಅಂದ್ರೆ ಎಷ್ಟೋ?" ಎಂದರು ಅಮ್ಮ, ಸಣ್ಣ ದನಿಯಲ್ಲಿ.

ಹೇಳಿದೆ.

"ಅಷ್ಟಿದ್ರೂ ಸಾಲದಾ!" ಅಮ್ಮನ ದನಿ ಏರಿತು. "ಏನು ಹುಡುಗಾಟನೋ ನಿನಗೆ? ನಿನ್ನನ್ನ ಹೆರೋಕೆ ನಿಮ್ಮಪ್ಪನದು ಒಂದೇ ಒಂದು ಸಾಕಾಯ್ತು! ಸುಮ್ಮನೆ ನನ್ನ ಸೊಸೇನ ಆರು ವರ್ಷ ಚುಚ್ಚಿಸಿದ್ಯಲ್ಲೋ! ಅವಳಿಗೆ ಫೋನ್ ಕೊಡು, ನಾನು ಮಾತಾಡಬೇಕು. ತಡಿ, ಇಲ್ಲಿ ನಿಮ್ಮಪ್ಪ ನಂಬ್ತಿಲ್ಲ. ಅವರಿಗೆ ಕಿವಿ ಮಂದ, ನೀನೇ ಜೋರಾಗಿ ಹೇಳು."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಈವತ್ತಿಗೂ ನನಗೆ ತಿಳಿದಿಲ್ಲ. ಎದುರುಮನೆಯವರು ಪೇಪರ್ ಇಳಿಸಿದರು. ಕೆಳಗೆ ಕಾರು ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿ ಮೇಲೆ ನೋಡಿದರು. ನಾನು ದೊಗಳೆ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನನ್ನು ಬಾಯಿಗೆ ಹಿಡಿದು, ಇಡೀ ಬೀದಿಗೆ ಕೇಳುವಂತೆ ಕೂಗಿದೆ:

"ಒಂದು ಮಿಲಿಲೀಟರಿಗೆ ಅರವತ್ತೆರಡು ಲಕ್ಷ!"