ಪಾದ್ರಿ ಕೂತ ಕುರ್ಚಿ

ಈಗ್ಬರ್ಟ್ ಪ್ಲಮರ್ ತನ್ನ ಅರವತ್ತೆಂಟು ವರ್ಷದ ಬಾಳಿನಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ. ಅದನ್ನೂ ಅವನು ಹೇಳಿದ್ದು ಕುರ್ಚಿ ಉಳಿಸಿಕೊಳ್ಳಲು.

ಮೂವತ್ತೊಂದು ವರ್ಷ ಗಿಲ್ಯಾಡ್ ಗುಡ್ಡದ ಅಂಚೆಯನ್ನು ಬೆನ್ನ ಮೇಲೆ ಹೊತ್ತು ತಿರುಗಿದವನು ಅವನು. ನಿವೃತ್ತಿಯ ದಿನ ಚೀಲ ಇಳಿಯಿತು, ಬೆನ್ನುನೋವು ಇಳಿಯಲಿಲ್ಲ. ಮಂಚದಲ್ಲಿ ಮಲಗಿದರೆ ಒಂದು ಥರ ನೋವು, ಚರ್ಚಿನ ಬೆಂಚಿನಲ್ಲಿ ಕೂತರೆ ಇನ್ನೊಂದು ಥರ. ಇಡೀ ಜಮೈಕಾದಲ್ಲಿ ಆ ಬೆನ್ನಿಗೆ ಒಗ್ಗಿದ್ದು ಒಂದೇ ಜಾಗ, ಅವನ ತಾಯಿ ಬಿಟ್ಟುಹೋದ ಮಹಾಗನಿ ಕುರ್ಚಿ. ಎಡಗಡೆ ಹಿಂಗಾಲು ಸೀಳಿತ್ತು, ತಂತಿ ಸುತ್ತಿ ನಿಲ್ಲಿಸಿದ್ದ. ಸಂಜೆ ಜಗಲಿಯಲ್ಲಿ ಅದರ ಮೇಲೆ ಕೂತು ಕಾಲು ಚಾಚಿದರೆ ಅವನಿಗೆ ಸ್ವರ್ಗದ ಬಗ್ಗೆ ಹೆಚ್ಚು ವಿಚಾರಿಸಬೇಕು ಅನಿಸುತ್ತಿರಲಿಲ್ಲ.

ಮೂರು ವಾರದ ಹಿಂದೆ ಕಟುಕ ಮಾಸ್ ಡಾಲ್ಫಸ್ ಡಾಮಿನೋ ಆಡಲು ಬಂದ. ಮಾಸ್ ಡಾಲ್ಫಸ್ ತೂಕದ ವಿಚಾರ ಊರಿನಲ್ಲಿ ಯಾರೂ ಎತ್ತುವುದಿಲ್ಲ, ಎತ್ತುವುದು ಆಗದ ಮಾತು. ಅವನು ನೇರವಾಗಿ ಆ ಕುರ್ಚಿಯ ಕಡೆಗೇ ತಿರುಗಿ ಬೆನ್ನು ಬಗ್ಗಿಸಿದ. ಈಗ್ಬರ್ಟ್ ಎದ್ದು ಅಡ್ಡ ಬಂದ. "ನೀನು ಕೂತರೆ ಮುರಿದುಹೋಗುತ್ತೆ" ಅಂತ ಹಳೇ ಗೆಳೆಯನ ಮುಖಕ್ಕೆ ಹೇಳೋದು ಹೇಗೆ?

"ಅಯ್ಯೋ, ಕೂರಬೇಡ ಮಾಸ್ ಡಾಲ್ಫಸ್! ಅದು... ಅದು ನಮ್ಮೂರ ಮೊದಲನೇ ಪಾದ್ರಿ ಕೂತ ಕುರ್ಚಿ!"

ಮಾಸ್ ಡಾಲ್ಫಸ್ ಹಾಗೇ ಅರ್ಧದಲ್ಲಿ ನಿಂತ. ಕುರ್ಚಿಯನ್ನು ಒಮ್ಮೆ ನೋಡಿದ, ಈಗ್ಬರ್ಟ್‌ನನ್ನು ಒಮ್ಮೆ ನೋಡಿದ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ವಾರವೇ ಪಾಸ್ಟರ್ ಮಾರ್ವಾ ಲಿಂಡ್ಸೆಗೆ ಪಟ್ಟಣದ ಚರ್ಚ್ ಸಭೆಯ ಕಚೇರಿಯಿಂದ ಕಾಗದ ಬಂತು. ಪಾಸ್ಟರಮ್ಮ ಎರಡು ವರ್ಷದಿಂದ ಒಂದೇ ಹಟ ಹಿಡಿದಿದ್ದರು. ಚರ್ಚಿನ ಹಿಂದಿನ ಹಾಳು ಕುದುರೆಲಾಯವನ್ನು ಮ್ಯೂಸಿಯಂ ಮಾಡಬೇಕು, ದೇವರು ಈ ಗುಡ್ಡದ ಮೇಲೆ ಮಾಡಿದ್ದನ್ನು ಮಕ್ಕಳು ಕಣ್ಣಾರೆ ನೋಡಬೇಕು. "ಉಪದೇಶಕ್ಕೆ ನಿದ್ದೆ ಮಾಡೋರು ಹಳೇ ಗಂಟೆ ನೋಡಿದ್ರೆ ಎಚ್ಚರ ಆಗ್ತಾರೆ. ಇದೂ ಸುವಾರ್ತೆ ಸೇವೆನೇ" ಎನ್ನುತ್ತಿದ್ದರು. ಕಚೇರಿಯವರು ಮೂರು ಷರತ್ತು ಹಾಕಿದ್ದರು. ಅರ್ಧ ಹಣ ಊರವರೇ ಕೂಡಿಸಬೇಕು. ನೋಡಲು ಬರುವಂಥ ಒಂದು ಮುಖ್ಯ ವಸ್ತು ಇರಬೇಕು. ಸಂಬಳ ಕೇಳದೆ ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು.

ಆವರೆಗೆ ಕೂಡಿದ್ದು ಬಿರುಕು ಬಿಟ್ಟ ಗಂಟೆ ಮತ್ತು ಗೆದ್ದಲು ತಿಂದು ಮಿಕ್ಕ ಅರ್ಧ ಬೈಬಲ್. ಆಗ ಸಂತೆಯಲ್ಲಿ ಮಾಂಸ ಕೊಳ್ಳಲು ಹೋದವರೆಲ್ಲ ಮಾಸ್ ಡಾಲ್ಫಸ್ ಬಾಯಿಂದ ಕುರ್ಚಿಯ ಸುದ್ದಿ ತಂದರು. ಮರುದಿನ ನಾಲ್ಕು ಜನ ಬಂದು ಕುರ್ಚಿಯನ್ನು ಹಾಡು ಹೇಳುತ್ತಾ ಹೊತ್ತುಕೊಂಡು ಹೋದರು. ಈಗ್ಬರ್ಟ್ ಸಭೆಯ ಹಿರಿಯ. ಸುಳ್ಳು ಹೇಳಿದೆ ಎನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಅವನು ಸಂಜೆ ಜಗಲಿಯಲ್ಲಿ ಒಂದು ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಿದ್ದ.

ಸುಗ್ಗಿ ಹಬ್ಬದ ಮರುದಿನ ಸೋಮವಾರ, ಮ್ಯೂಸಿಯಂಗೆ ಹಣ ಕೂಡಿಸುವ ಹರಾಜಿನ ದಿನ. ಈಗ್ಬರ್ಟ್ ಬೆಳಿಗ್ಗೆ ಎದ್ದವನೇ ತೀರ್ಮಾನಿಸಿದ. ಇವತ್ತು ಪಾಸ್ಟರಮ್ಮನಿಗೆ ನಿಜ ಹೇಳಿ ಕುರ್ಚಿ ವಾಪಸು ತರುವುದು, ಮಾನ ಹೋದರೆ ಹೋಗಲಿ, ಬೆನ್ನು ಉಳಿಯಲಿ.

ಹೆಂಡತಿ ಐಸಿಲ್ಡಾ ಬಾಗಿಲಲ್ಲಿ ನಿಂತು ಅವನ ಅಂಗಿ ಜೇಬಿಗೆ ಒಂದು ಲಕೋಟೆ ತುರುಕಿದಳು. ಎರಡು ಹೋತ ಮಾರಿದ ನಲವತ್ತು ಸಾವಿರ ಡಾಲರ್.

"ರೀ ಪ್ಲಮರ್, ಹರಾಜು ಮುಗಿದ ತಕ್ಷಣ ಪೇಟೆಗೆ ಹೋಗಿ ಅಡುಗೆಮನೆಗೆ ತಗಡು ತನ್ನಿ. ಹೋದ ಮಳೇಲಿ ಸಾರಿಗೆ ನಾನು ನೀರೇ ಹಾಕ್ಲಿಲ್ಲ, ಮೇಲಿಂದಾನೇ ಬಿತ್ತು."

"ತರ್ತೀನಿ ಮಾರಾಯ್ತಿ."

"ಮತ್ತೆ ಕುರ್ಚಿ ಅಂತ ಮುಖ ಸಣ್ಣ ಮಾಡ್ಕೊಂಡು ಕೂರಬೇಡಿ. ಜನ ಎಷ್ಟು ಮರ್ಯಾದೆ ಕೊಡ್ತಿದಾರೆ ಗೊತ್ತಾ? ಪಾದ್ರಿ ಅದರ ಮೇಲೆ ಕೂತು ಅತ್ತಿದ್ರಂತೆ ಅಂತ ನಾನೇ ನಾಲ್ಕು ಜನಕ್ಕೆ ಹೇಳಿದೀನಿ."

"ಅತ್ತಿದ್ರು ಅಂತ ನಿನಗ್ಯಾರು ಹೇಳಿದ್ರು?"

"ಹೊಸ ಊರು, ಪರದೇಶಿ ಮನುಷ್ಯ. ಅಳದೇ ಇರ್ತಾರಾ?"

ಚರ್ಚಿನ ಅಂಗಳದಲ್ಲಿ ಆಗಲೇ ಮೇಕೆ ಸಾರಿನ ಹಂಡೆ ಕುದಿಯುತ್ತಿತ್ತು. ಕಬ್ಬು, ಬಾಳೆಗೊನೆ, ಯಾಮ್ ಗೆಡ್ಡೆ, ಗೂಡಿನಲ್ಲಿ ಕೋಳಿ, ಎಲ್ಲ ಸಾಲಾಗಿ ಇದ್ದವು. ಪಾಸ್ಟರಮ್ಮ ಈಗ್ಬರ್ಟ್‌ನನ್ನು ಕಂಡವರೇ ಓಡಿಬಂದು ಎರಡೂ ಕೈ ಹಿಡಿದುಕೊಂಡರು.

"ಬ್ರದರ್ ಪ್ಲಮರ್! ಎರಡು ವರ್ಷದಲ್ಲಿ ನಿನ್ನೆ ರಾತ್ರಿನೇ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು. ನಿಮ್ಮ ಕುರ್ಚಿ ಫೋಟೋ ನೋಡಿ ಕಚೇರಿಯವರು ಒಪ್ಕೊಂಡ್ರು!"

"ಪಾಸ್ಟರಮ್ಮ, ಆ ಕುರ್ಚಿ ವಿಷಯವಾಗೇ ಒಂದು ಮಾತು..."

"ನಂಗೊತ್ತು, ನಿಮಗೆ ಹೊಗಳಿಸ್ಕೊಳ್ಳೋದು ಇಷ್ಟ ಇಲ್ಲ. ಎಂಥಾ ದೀನ ಮನಸ್ಸು!" ಎಂದು ಅವರು ಕಣ್ಣೊರೆಸಿಕೊಂಡರು. ಅಳುತ್ತಿರುವ ಪಾಸ್ಟರಿಗೆ ಸುಳ್ಳು ಒಪ್ಪಿಸುವುದು ಹೇಗೆಂದು ಈಗ್ಬರ್ಟ್‌ಗೆ ಯಾರೂ ಕಲಿಸಿರಲಿಲ್ಲ.

ವೇದಿಕೆಯ ಮೇಲೆ ಕುರ್ಚಿ ಇತ್ತು. ಬಿಳಿ ಲೇಸಿನ ಬಟ್ಟೆ ಹೊದಿಸಿದ್ದರು. ಪಕ್ಕದಲ್ಲಿ ಮ್ಯೂಸಿಯಂ ಕಮಿಟಿಯ ಯಜಮಾನಿ, ನಿವೃತ್ತ ಹೆಡ್‌ಮಿಸ್ ಟೀಚರ್ ಹಯಸಿಂತ್, ಕೈಯಲ್ಲಿ ಶಾಲೆಯ ಗಂಟೆ ಹಿಡಿದು ನಿಂತಿದ್ದಳು. ಕುರ್ಚಿಗೆ ತೂಗುಹಾಕಿದ ರಟ್ಟಿನ ಮೇಲೆ ಅವಳೇ ಬರೆದಿದ್ದಳು: "ಬರಗಾಲದ ವರ್ಷ ನಮ್ಮ ಮೊದಲ ಪಾದ್ರಿಗಳು ಇದರ ಮೇಲೆ ಮೂರು ದಿನ ಉಪವಾಸ ಕೂತು, ಕಣ್ಣೀರಿಟ್ಟು, ಮಳೆ ತರಿಸಿದರು." ಮೂರು ವಾರದಲ್ಲಿ ಸುಳ್ಳು ಇಷ್ಟು ಬೆಳೆದಿತ್ತು, ಅದೂ ಗೊಬ್ಬರವಿಲ್ಲದೆ.

ಮೊದಲು ಹಣ್ಣು ತರಕಾರಿ ಹರಾಜು. ಒಂದೇ ದೀವಿಹಲಸು ಐದು ಸಲ ಮಾರಾಟವಾಯಿತು. ಕೊಂಡವರು "ಸಭೆಗೇ ಇರಲಿ" ಎಂದು ತಿರುಗಿ ಮೇಜಿನ ಮೇಲೆ ಇಡುವುದು ಗಿಲ್ಯಾಡಿನ ಮರ್ಯಾದೆ. ಯಾವ ವರ್ಷವೋ ಒಬ್ಬ ಕೊಂಡ ಕುಂಬಳಕಾಯಿಯನ್ನು ನಿಜವಾಗಿಯೂ ಮನೆಗೆ ಒಯ್ದಿದ್ದ. ಅವನ ಮೊಮ್ಮಕ್ಕಳನ್ನು ಇಂದಿಗೂ ಕುಂಬಳಕಾಯಿಯವರು ಎನ್ನುತ್ತಾರೆ.

ಆಮೇಲೆ ಟೀಚರ್ ಹಯಸಿಂತ್ ಗಂಟೆ ಬಾರಿಸಿದಳು. "ಎಲ್ಲಾ ಸುಮ್ನಿರಿ! ಪ್ರತಿ ವರ್ಷ ಹಾಡೋರನ್ನ ದುಡ್ಡು ಕೊಟ್ಟು ವೇದಿಕೆ ಹತ್ತಿಸ್ತೀವಿ, ದುಡ್ಡು ಕೊಟ್ಟು ಇಳಿಸ್ತೀವಿ. ಬ್ರದರ್ ಪ್ಲಮರ್‌ನ ಇಳಿಸಿದ ದುಡ್ಡಲ್ಲೇ ಚರ್ಚಿನ ಮೂರು ಕಿಟಕಿಗೆ ಗಾಜು ಬಂದಿದ್ದು, ಮರೀಬಾರ್ದು. ಈ ಸಲ ಮ್ಯೂಸಿಯಂಗೋಸ್ಕರ ಹೊಸ ಆಟ. ಯಾರನ್ನ ಬೇಕಾದ್ರೂ ಪಾದ್ರಿ ಕುರ್ಚೀಲಿ ಕೂರಿಸಿ, ಐನೂರು ಡಾಲರ್. ಏಳಿಸ್ಬೇಕು ಅಂದ್ರೆ ಸಾವಿರ!"

ಡಾಮಿನೋ ಗೆಳೆಯರ ಗುಂಪಿನಿಂದ ಮೊದಲ ಕೂಗು ಬಂತು.

"ಮಾಸ್ ಡಾಲ್ಫಸ್‌ನ ಕೂರ್ಸಿ! ತಗೊಳ್ಳಿ ಐನೂರು!"

ಅಂಗಳವೆಲ್ಲ ಹೋ ಎಂದಿತು. ಮಾಸ್ ಡಾಲ್ಫಸ್ ನಾಚಿಕೊಂಡು, ಟೋಪಿ ತೆಗೆದು, ವೇದಿಕೆ ಹತ್ತಿದ. ಹಲಗೆಗಳು ಒಂದೊಂದಾಗಿ ನರಳಿದವು. ಅವನು ಕುರ್ಚಿಯ ತುದಿಯಲ್ಲಿ ಹಗುರವಾಗಿ, ಅಂದರೆ ಅವನ ಮಟ್ಟಿಗೆ ಹಗುರವಾಗಿ, ಕೂತ. ತಂತಿ ಕಟ್ಟಿದ ಕಾಲು ಕಿರ್ರೆಂದಿತು.

"ಏಳ್ಸಿ! ಸಾವಿರ!" ಈಗ್ಬರ್ಟ್ ಕಿರುಚಿದ.

"ಶಹಬ್ಬಾಸ್ ಬ್ರದರ್ ಪ್ಲಮರ್! ಏಳು ಡಾಲ್ಫಸ್."

"ಕೂರ್ಸಿ! ಐನೂರು!" ಇನ್ನೊಂದು ಮೂಲೆಯಿಂದ.

"ಏಳ್ಸಿ! ಸಾವಿರ!"

ಊರಿಗೆ ರುಚಿ ಹತ್ತಿತು. ಐನೂರು ಕೊಟ್ಟರೆ ಡಾಲ್ಫಸ್ ಕೂರುವುದನ್ನೂ ನೋಡಬಹುದು, ಪ್ಲಮರ್ ಹಾರುವುದನ್ನೂ ನೋಡಬಹುದು. ಇಷ್ಟು ಅಗ್ಗದ ತಮಾಷೆ ಇನ್ನೆಲ್ಲಿ ಸಿಗಬೇಕು? ಕೋಳಿ ಮಾರಲು ಬಂದ ಮುದುಕಿಯೂ ಕರವಸ್ತ್ರದ ಗಂಟು ಬಿಚ್ಚಿ ಐನೂರು ತೆಗೆದಳು.

"ನಿನಗೇನಾಗಿದ್ಯೋ ಈಗ್ಬರ್ಟ್?" ಒಂಬತ್ತನೇ ಸಲ ಏಳುವಾಗ ಮಾಸ್ ಡಾಲ್ಫಸ್ ಏದುಸಿರು ಬಿಡುತ್ತಾ ಕೇಳಿದ. "ಒಂದೋ ಕೂರೋಕೆ ಬಿಡು, ಇಲ್ಲ ನಿಲ್ಲೋಕೆ ಬಿಡು. ನನ್ನ ಮಂಡಿ ಹೋಯ್ತು."

"ನೀನೇ ಬರಲ್ಲ ಅನ್ನಯ್ಯ!"

"ದೇವರ ಕೆಲಸಕ್ಕೆ ಇಲ್ಲ ಅನ್ನೋಕಾಗುತ್ತಾ?"

ಹನ್ನೆರಡನೇ ಸಲ ಕೂತಾಗ ತಂತಿಯ ಒಂದು ಸುತ್ತು ಟಣ್ಣೆಂದು ಬಿಚ್ಚಿತು. ಆ ಸದ್ದು ಈಗ್ಬರ್ಟ್‌ಗೆ ತನ್ನ ಬೆನ್ನಿನೊಳಗೇ ಆದಂತೆ ಕೇಳಿತು. ತಗಡು, ಅಡುಗೆಮನೆ, ಐಸಿಲ್ಡಾ, ಎಲ್ಲ ಮರೆತುಹೋಯಿತು. ಲಕೋಟೆಯನ್ನೇ ಎತ್ತಿ ಹಿಡಿದು ವೇದಿಕೆಯ ಹತ್ತಿರ ನುಗ್ಗಿದ.

"ಕುರ್ಚೀನೇ ಕೊಳ್ತೀನಿ! ಇದರಲ್ಲಿರೋದೆಲ್ಲಾ ತಗೊಳ್ಳಿ! ಅವನನ್ನ ಮಾತ್ರ ಏಳ್ಸಿ!"

ಟೀಚರ್ ಹಯಸಿಂತ್ ಲಕೋಟೆಯೊಳಗೆ ಇಣುಕಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಇಣುಕಿದಳು. ಇಪ್ಪತ್ತೊಂಬತ್ತು ಸಾವಿರ ಉಳಿದಿತ್ತು. ಗಂಟೆ ಬಾರಿಸಿದಳು. "ಒಂದ್ಸಲ, ಎರಡ್ಸಲ, ಮೂರ್ಸಲ! ಕುರ್ಚಿ ಬ್ರದರ್ ಪ್ಲಮರ್‌ದು!"

ಈಗ್ಬರ್ಟ್ ಮೂರು ವಾರದ ಮೇಲೆ ಮೊದಲ ಸಲ ಸರಿಯಾಗಿ ಉಸಿರಾಡಿದ. ಕುರ್ಚಿಯ ಕೈ ಹಿಡಿದ. ಸುಳ್ಳೂ ಹೊರಗೆ ಬೀಳಲಿಲ್ಲ, ಕುರ್ಚಿಯೂ ಸಿಕ್ಕಿತು, ಐಸಿಲ್ಡಾಳ ಬೈಗುಳವನ್ನು ಅದರ ಮೇಲೆ ಕೂತೇ ಕೇಳಬಹುದು. ಹೀಗೆಂದುಕೊಳ್ಳುತ್ತಾ ತಲೆಯೆತ್ತಿದರೆ ಇಡೀ ಊರು ಅವನನ್ನೇ ನೋಡುತ್ತಾ ಕಾಯುತ್ತಿತ್ತು. ಯಾಕೆಂದು ಅವನಿಗೆ ತಿಳಿಯಲಿಲ್ಲ. ಮೇಜಿನ ಮೇಲಿದ್ದ, ಐದು ಸಲ ಮಾರಾಟವಾದ ದೀವಿಹಲಸು ಕಣ್ಣಿಗೆ ಬಿತ್ತು. ಆಗ ತಿಳಿಯಿತು.

ಒಂದು ಕಡೆ ಬೆನ್ನು, ಇನ್ನೊಂದು ಕಡೆ ಮೂರು ತಲೆಮಾರು ಕುರ್ಚಿಯವರು ಎನ್ನಿಸಿಕೊಳ್ಳುವುದು.

"ಸಭೆಗೇ..." ಈಗ್ಬರ್ಟ್‌ನ ದನಿ ಅವನಿಗೇ ಕೇಳಿಸಲಿಲ್ಲ. "ಸಭೆಗೇ ಇರಲಿ."

ಚಪ್ಪಾಳೆಗೆ ಗೂಡಿನ ಕೋಳಿಗಳು ಬೆದರಿದವು. ಪಾಸ್ಟರಮ್ಮ ಇನ್ನೊಮ್ಮೆ ಅತ್ತರು. "ಅರ್ಧ ಹಣ ಕೂಡಿತು! ಮುಖ್ಯ ವಸ್ತು ಇದೆ! ಇನ್ನು ನೋಡಿಕೊಳ್ಳೋ ಮನುಷ್ಯ. ಈ ಕುರ್ಚಿ ಮೇಲೆ ಯಾರೂ ಕೂರಬಾರದು ಅಂತ ಮೈಮೇಲಿನ ಪರಿವೆ ಇಲ್ಲದೆ ಹೋರಾಡಿದವರು ನಮ್ಮ ಕಣ್ಣೆದುರಿಗೇ ಇದ್ದಾರೆ. ಮಂಗಳವಾರದಿಂದ ಶನಿವಾರ, ಒಂಬತ್ತರಿಂದ ನಾಲ್ಕು. ಏನಂತೀರಿ?"

"ಆಮೆನ್!" ಎಂದಿತು ಊರು. ಈಗ್ಬರ್ಟ್‌ನನ್ನು ಯಾರೂ ಕೇಳಲಿಲ್ಲ. ಗುಂಪಿನ ಹಿಂದೆ ಐಸಿಲ್ಡಾ ಮಾತ್ರ ಆಮೆನ್ ಅನ್ನದೆ, ಕೈ ಸೊಂಟದ ಮೇಲಿಟ್ಟುಕೊಂಡು, ಅವನ ಖಾಲಿ ಜೇಬನ್ನೇ ನೋಡುತ್ತಿದ್ದಳು.

ಸಂಜೆ ಹೊತ್ತಿಗೆ ಅಂಗಳ ಖಾಲಿಯಾಯಿತು. ಬೆಂಚುಗಳನ್ನೆಲ್ಲ ಒಳಗೆ ಸಾಗಿಸಿದರು. ಈಗ್ಬರ್ಟ್ ಕುದುರೆಲಾಯದ ಗೋಡೆಗೆ ಒರಗಿ ನಿಂತಿದ್ದ. ಮಾಸ್ ಡಾಲ್ಫಸ್ ಮಂಡಿ ಉಜ್ಜಿಕೊಳ್ಳುತ್ತಾ ಹತ್ತಿರ ಬಂದ.

"ಲೋ, ಒಂದು ಮಾತು ಕೇಳ್ತೀನಿ. ಅವತ್ತು ನೀನ್ಯಾಕೆ ಸುಳ್ಳು ಹೇಳಿದ್ದು?"

"ಸುಳ್ಳಾ?" ಎಂದ ಈಗ್ಬರ್ಟ್.

"ಆ ಕುರ್ಚಿ ಮಾಡಿದ್ದು ನಮ್ಮಪ್ಪ ಕಣೋ. ಮರಳು ಕಾಗದ ಹಾಕಿ ಉಜ್ಜಿದ್ದು ನಾನು, ಆಗ ನಂಗೆ ಎಂಟು ವರ್ಷ. ನಿಮ್ಮಮ್ಮ ಎರಡು ಹಂದಿಮರಿ ಕೊಟ್ಟು ತಗೊಂಡ್ರು."

"ಮತ್ತೆ... ಮತ್ತೆ ಗೊತ್ತಿದ್ದೂ ಸಂತೆ ತುಂಬಾ ಯಾಕೆ ಹೇಳಿದೆ?"

ಮಾಸ್ ಡಾಲ್ಫಸ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅಪ್ಪ ಜೀವಮಾನ ಎಲ್ಲಾ ಮರ ಕೆತ್ತಿದ, ಒಬ್ಬನೂ ಚೆನ್ನಾಗಿದೆ ಅನ್ನಲಿಲ್ಲ. ಅವನ ಕುರ್ಚಿಗೆ ಲೇಸು ಹೊದಿಸ್ತಾರೆ ಅಂದ್ರೆ ನಾನ್ಯಾಕೆ ಬೇಡ ಅನ್ಲಿ? ನೀನು ನನಗೆ ಮುರೀತದೆ ಕಣೋ ಅಂದಿದ್ರೆ ಸಾಕಿತ್ತು. ಅದಕ್ಕೆ ಜೋಡಿ ಕುರ್ಚಿ ಇತ್ತು, ಒಂದಿಷ್ಟೂ ಹೆಚ್ಚು ಕಡಿಮೆ ಇಲ್ಲದ ಹಾಗೆ. ನಾನಂತೂ ಅದರ ಮೇಲೆ ಕೂರೋ ಹಾಗಿಲ್ಲ. ಐವತ್ತು ವರ್ಷದಿಂದ ನಮ್ಮ ಹಿತ್ತಲಲ್ಲಿ ಅದರ ಮೇಲೆ ಕೋಳಿ ಮೊಟ್ಟೆ ಇಡ್ತಿತ್ತು."

ಈಗ್ಬರ್ಟ್‌ನ ಬೆನ್ನು ತಾನಾಗಿ ನೆಟ್ಟಗಾಯಿತು. ಗೆಳೆಯನ ತೋಳು ಹಿಡಿದುಕೊಂಡ. "ಮಾಸ್ ಡಾಲ್ಫಸ್, ನಿನ್ನ ದಮ್ಮಯ್ಯ. ಆ ಕುರ್ಚಿ ನಂಗೆ ಕೊಡು. ಕೋಳಿ ಹಿಕ್ಕೆ ನಾನೇ ತೊಳ್ಕೋತೀನಿ."

"ಅಯ್ಯೋ, ನಿನ್ನೆ ಕೇಳಬಾರ್ದಿತ್ತೇನೋ! ಬೆಳಿಗ್ಗೇನೇ ತಂದು ಪಾಸ್ಟರಮ್ಮಂಗೆ ಒಪ್ಪಿಸಿಬಿಟ್ಟೆ. ನೀನು ಪಾದ್ರಿ ಕುರ್ಚಿ ಕೊಟ್ಟಿದೀಯ, ನಾನು ಬರೀ ಕೈಲಿ ಬರೋಕಾಗುತ್ತಾ? ಇದು ಪಾದ್ರಿ ಹೆಂಡ್ತಿ ಕೂತ ಕುರ್ಚಿ ಅಂದೆ."

ಲಾಯದ ಒಳಗಿಂದ ಟೀಚರ್ ಹಯಸಿಂತ್ ಕರೆದಳು. ಎರಡು ಕುರ್ಚಿಗಳನ್ನು ಅಕ್ಕಪಕ್ಕ ಇಟ್ಟು, ಎರಡಕ್ಕೂ ಸೇರಿಸಿ ಹಗ್ಗ ಕಟ್ಟುತ್ತಿದ್ದಳು. "ಬ್ರದರ್ ಪ್ಲಮರ್, ಅಂಚೆಯವರು ನೀವು, ಅಕ್ಷರ ಮುತ್ತಿನ ಹಾಗೆ ಬರೀತೀರಿ. ಈ ಎರಡು ರಟ್ಟಿನ ಮೇಲೂ 'ಯಾರೂ ಕೂರಬಾರದು' ಅಂತ ದೊಡ್ಡದಾಗಿ ಬರೆದುಕೊಡಿ."

ಈಗ್ಬರ್ಟ್ ರಟ್ಟು ತೆಗೆದುಕೊಂಡು ಸುತ್ತ ನೋಡಿದ. ಕೂರಲು ಬೇರೇನೂ ಇರಲಿಲ್ಲ. ರಟ್ಟನ್ನು ಗೋಡೆಗೆ ಒತ್ತಿಹಿಡಿದು, ಎರಡು ಕುರ್ಚಿಗಳ ನಡುವೆ ನಿಂತುಕೊಂಡೇ ಬರೆಯಲು ಶುರುಮಾಡಿದ.