ಇಳಿಸಿದ ಗೇಮು, ಹುಟ್ಟಿದ ಗೇಮು

ನಮ್ಮ ಚಿಕ್ಕಪ್ಪನಷ್ಟು ಒಳ್ಳೆಯ ಗೈಡು ಹಳೇಬೀಡಿನಲ್ಲಿ ಇನ್ನೊಬ್ಬನಿರಲಿಲ್ಲ, ಅವನ ಕೈಯಲ್ಲಿ ಆ ಡಬ್ಬಿ ಇಲ್ಲದಿದ್ದಾಗ! ಡಬ್ಬಿ ಇದ್ದಾಗ ಹೇಗೆ ಅಂತೀರಾ? ಆಗ ದೇವಸ್ಥಾನದ ಗೋಡೆಯ ಮೇಲಿನ ಕಲ್ಲಿನ ಆನೆಗಳೆಲ್ಲ ಸಾಲಾಗಿ ಇಳಿದು ಬಂದು ಎದುರಿಗೆ ನಿಂತು ಘೀಳಿಟ್ಟರೂ, "ಒಂದ್ನಿಮಿಷ ತಡ್ಕಳ್ರಪ್ಪ, ಈ ಕೋಟೆ ಒಂದು ಹತ್ಬುಡ್ತೀನಿ" ಎನ್ನುತ್ತಿದ್ದ.

ತೊಂಬತ್ತರ ದಶಕದ ಮಾತು. ನಾನಾಗ ಅರಸೀಕೆರೆಯಲ್ಲಿ ಬಿ.ಎ. ಓದುತ್ತಿದ್ದ ಹುಡುಗಿ. ಎರಡು ದಿನ ರಜೆ ಸಿಕ್ಕಿದರೆ ಸಾಕು, ಬಸ್ಸು ಹತ್ತಿ ಹಳೇಬೀಡಿನ ಚಿಕ್ಕಪ್ಪನ ಮನೆಗೆ ಓಡುತ್ತಿದ್ದೆ. ಅಲ್ಲಿ ಅಜ್ಜಿ ಇದ್ದಳು, ಬೇಲೂರಿನ ಶಾಲೆಯೊಂದರಲ್ಲಿ ಟೀಚರಾಗಿದ್ದ ಚಿಕ್ಕಮ್ಮ ಇದ್ದಳು, ಎಲ್ಲಕ್ಕಿಂತ ಮುಖ್ಯವಾಗಿ ಚಿಕ್ಕಪ್ಪನ ಆ ಡಬ್ಬಿ ಇತ್ತು.

ಡಬ್ಬಿ ಅಂದರೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು. ಸೋಪಿನ ಪೆಟ್ಟಿಗೆಗಿಂತ ಒಂದು ಸುತ್ತು ದೊಡ್ಡದು, ಬೂದಿ ಬಣ್ಣ, ನಡುವೆ ಪಾಚಿ ಹಸಿರಿನ ಒಂದು ಪುಟ್ಟ ಪರದೆ. ಜಪಾನಿನಿಂದ ಬಂದಿದ್ದ ಮುದುಕರೊಬ್ಬರು ನಂದಿ ಮಂಟಪದಲ್ಲಿ ಪಾಸ್‌ಪೋರ್ಟ್ ಇದ್ದ ಚೀಲ ಮರೆತು ಹೋಗಿದ್ದರಂತೆ. ಚಿಕ್ಕಪ್ಪ ಅದನ್ನು ಎತ್ತಿಕೊಂಡು, ಹೊರಟ ಬಸ್ಸಿನ ಹಿಂದೆ ಚಪ್ಪಲಿ ಕಿತ್ತುಹೋಗುವ ಹಾಗೆ ಓಡಿ ಕೊಟ್ಟನಂತೆ. ಆ ಮನುಷ್ಯ ಕಣ್ಣಲ್ಲಿ ನೀರು ತುಂಬಿಕೊಂಡು, ಸೊಂಟ ಮುರಿಯುವಷ್ಟು ಬಗ್ಗಿ, ತನ್ನ ಕೈಚೀಲದಲ್ಲಿದ್ದ ಈ ಡಬ್ಬಿಯನ್ನೂ ಅದರೊಳಗೆ ಹಾಕಿ ಆಡುವ ಮೂರು ಕ್ಯಾಸೆಟ್ಟುಗಳನ್ನೂ ಚಿಕ್ಕಪ್ಪನ ಕೈಗಿಟ್ಟರಂತೆ.

"ಬೇರೆ ಏನಾದ್ರೂ ಕೇಳ್ಬಾರ್ದಿತ್ತಾ?" ಅಂತ ಚಿಕ್ಕಮ್ಮ ಹತ್ತು ವರ್ಷ ಕೇಳಿದಳು.

"ಬಸ್ಸು ಹೊಂಟೋಯ್ತು ಕಣೇ!" ಅಂತ ಚಿಕ್ಕಪ್ಪ ಹತ್ತು ವರ್ಷ ಉತ್ತರ ಕೊಟ್ಟ.

ಈ ಡಬ್ಬಿಯ ಪರದೆಗೆ ಸ್ವಂತ ಬೆಳಕಿರಲಿಲ್ಲ. ಬಿಸಿಲು ಬಿದ್ದರೆ ಮಾತ್ರ ಅದರೊಳಗಿನ ಜನ ಕಾಣುತ್ತಿದ್ದರು. ಹಾಗಾಗಿ ಚಿಕ್ಕಪ್ಪ ಬೆಳಿಗ್ಗೆ ಬಂದ ಪ್ರವಾಸಿಗರನ್ನು ದೇವಸ್ಥಾನದ ಪೂರ್ವದ ಗೋಡೆಗೆ, ಸಂಜೆ ಬಂದವರನ್ನು ಪಶ್ಚಿಮದ ಗೋಡೆಗೆ ಕರೆದೊಯ್ಯುತ್ತಿದ್ದ. "ಈ ಶಿಲ್ಪವನ್ನು ಐದು ನಿಮಿಷ ಮೌನವಾಗಿ ನೋಡಿ" ಎಂದು ಹೇಳಿ, ಅವರ ಬೆನ್ನ ಹಿಂದೆ ಬಿಸಿಲಿನಲ್ಲಿ ನಿಂತು ಗುಂಡಿ ಒತ್ತುತ್ತಿದ್ದ. ಆಗಿದ್ದೇನು ಗೊತ್ತೇ? ದೆಹಲಿಯಿಂದ ಬಂದ ಕಲಾ ಪ್ರಾಧ್ಯಾಪಕರೊಬ್ಬರು ಅವನ ಕೈಕುಲುಕಿ, "ಸೂರ್ಯನ ಬೆಳಕಿನ ಪ್ರಕಾರ ಶಿಲ್ಪ ತೋರಿಸುವ ಗೈಡನ್ನು ಇಡೀ ದೇಶದಲ್ಲಿ ನೋಡಿಲ್ಲ, ಮೌನದ ಬೆಲೆ ನಿಮಗೆ ಗೊತ್ತಿದೆ" ಎಂದು ಬರೆದುಕೊಟ್ಟು ಹೋದರು! ಆ ಕಾಗದಕ್ಕೆ ಚಿಕ್ಕಪ್ಪ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ. ಚಿಕ್ಕಮ್ಮ ಅದರ ಕಡೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಿದ್ದಳು.

ಬರೀ ಆಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಚಿಕ್ಕಪ್ಪನಿಗೆ ಅಭಿಪ್ರಾಯಗಳಿದ್ದವು! ಮೂರೇ ಕ್ಯಾಸೆಟ್ಟು, ಮುನ್ನೂರು ಅಭಿಪ್ರಾಯ. ಲೋಕದ ಗೇಮುಗಳಲ್ಲಿ ಎರಡೇ ಜಾತಿ ಎನ್ನುವುದು ಅವನ ಮೂಲ ಸಿದ್ಧಾಂತ. ಈ ಡಬ್ಬಿಗಾಗಿಯೇ ಹುಟ್ಟಿದ್ದು 'ಹುಟ್ಟಿದ ಗೇಮು'. ಟೀವಿಗೆ ಹಚ್ಚಿ ಆಡುವ ದೊಡ್ಡ ಯಂತ್ರದಿಂದ ಡಬ್ಬಿಗೆ ತಂದು ತುಂಬಿಸಿದ್ದು 'ಇಳಿಸಿದ ಗೇಮು'. ಹೀಗೆ ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ 'ಪೋರ್ಟ್' ಅನ್ನುತ್ತಾರೆಂದು ಯಾವನೋ ಬಿಳಿಯ ಪ್ರವಾಸಿ ಹೇಳಿಕೊಟ್ಟ ದಿನ ಅವನ ಸಂಭ್ರಮ ನೋಡಬೇಕಿತ್ತು!

"ಪೋರ್ಟ್ ಅಂದ್ರೆ ಬಂದರು ಕಣ್ರೀ," ಅಂದಳು ಚಿಕ್ಕಮ್ಮ. "ಅದು ಮಂಗಳೂರಲ್ಲಿರೋದು. ನಮ್ಮನೇಗೆ ಹಡಗೆಲ್ಲಿಂದ ಬಂತು?"

ಅವನ ಹತ್ತಿರ ಇದ್ದ ಇಳಿಸಿದ ಗೇಮು ಒಂದೇ. ಒಂದು ನರಿ ಕೋಟೆ ಹತ್ತುವುದು. ಅದರ ದೊಡ್ಡ ರೂಪ ಹೇಗಿದೆಯೋ ನೋಡಲೇಬೇಕೆಂದು ಅವನು ಒಂದು ಭಾನುವಾರ ಅರಸೀಕೆರೆಗೇ ಬಂದುಬಿಟ್ಟ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೋ ಗೇಮಿನ ಅಂಗಡಿಯಿತ್ತು. ಗೋಡೆಗೆ ಮೂರು ಟೀವಿ, ಎದುರಿಗೆ ಬೆಂಚು. ನನ್ನನ್ನೂ ಎಳೆದುಕೊಂಡು ಹೋದ. ಅದೃಷ್ಟಕ್ಕೆ ಆ ನರಿ ಅಲ್ಲಿತ್ತು, ಬಣ್ಣ ಬಣ್ಣದಲ್ಲಿ! ಚಿಕ್ಕಪ್ಪ ಎಡಗಡೆ ಡಬ್ಬಿ ಇಟ್ಟುಕೊಂಡು, ಬಲಗಡೆ ಟೀವಿ ನೋಡುತ್ತ, ಎರಡು ಗಂಟೆ ತಾಳೆ ಹಾಕಿದ.

"ನೋಡವ್ವ, ಅಲ್ಲಿ ಐದು ಹದ್ದು ಬತ್ತವೆ, ಇಲ್ಲಿ ಎರಡೇ! ಅಲ್ಲಿ ಹಿಂದ್ಗಡೆ ಮೋಡ ಐತೆ, ಇಲ್ಲಿ ಖಾಲಿ ಆಕಾಶ!"

"ಹಾಗಾದ್ರೆ ಮೋಸ ಆಯ್ತಲ್ಲ ಚಿಕ್ಕಪ್ಪ?" ಅಂದೆ.

"ಥೂ! ಮೋಸ ಎಲ್ಲಿಂದ ಬಂತು? ಆ ಮೋಡ ಇಷ್ಟೇ ಇಷ್ಟು ಪರದೇಲಿ ಹಾಕಿದ್ರೆ ನರಿ ಎಲ್ಲಿ, ಮೋಡ ಎಲ್ಲಿ ಅಂತ ಗೊತ್ತಾಯ್ತಿತ್ತಾ? ಇಳಿಸೋನು ಬುದ್ಧಿವಂತ. ನೆಗೆತ ನೋಡು, ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಒಂದು ಕೂದ್ಲೆಳೆ ಹೆಚ್ಚುಕಮ್ಮಿ ಇಲ್ಲ. ನೆಗೆತ ಉಳಿಸ್ಕಂಡು ಮೋಡ ಬಿಟ್ಟವ್ನೆ!"

ಅಂಗಡಿಯವನು ತಡೆಯಲಾರದೆ, "ಅಣ್ಣಾ, ಆಡ್ತೀರೋ, ಇಲ್ಲಾ ಬರೀ ನೋಡ್ತೀರೋ?" ಎಂದು ಕೇಳಿದ. ಚಿಕ್ಕಪ್ಪ ಆಡಿದ. ಮೂರನೆಯ ನಿಮಿಷಕ್ಕೆ ಐದು ಹದ್ದುಗಳೂ ಸೇರಿ ಅವನ ನರಿಯನ್ನು ಎತ್ತಿಕೊಂಡು ಹೋದವು. "ಇದು ಸರಿ ಇಲ್ಲ," ಎಂದು ಎದ್ದು ಬಂದ. "ಹದ್ದು ಜಾಸ್ತಿ ಆದ್ವು. ಇಳಿಸಿದ್ದೇ ಚೆನ್ನಾಗೈತೆ."

ಈ ಸಿದ್ಧಾಂತ ಆಮೇಲೆ ಎಲ್ಲದಕ್ಕೂ ಹಬ್ಬಿತು. ದೇವಸ್ಥಾನದ ಎದುರು ಬಳಪದ ಕಲ್ಲಿನ ಪುಟ್ಟ ಗುಡಿಗಳನ್ನು ಮಾರುತ್ತಿದ್ದರು. ಅಲ್ಲೂ ನಿಂತು, "ಇವ್ನು ಎಲ್ಲಾ ತುರುಕವ್ನೆ ನೋಡು, ಆನೆ ಹೋಗಿ ಹೆಗ್ಗಣ ಆಗೈತೆ. ಇಳಿಸೋಕೆ ಬರಲ್ಲ!" ಎಂದು ಗಿರಾಕಿಗಳ ಎದುರೇ ವಿಮರ್ಶೆ ಮಾಡಿ, ಅಂಗಡಿಯವರಿಂದ ಬೈಸಿಕೊಂಡ. ಚಿಕ್ಕಮ್ಮನ ಟಿಫನ್ ಡಬ್ಬಿಯ ಬಿಸಿಬೇಳೆಬಾತನ್ನು ಕೂಡ, "ಮನೇಲಿ ತಿಂದಂಗಿಲ್ಲ, ಇಳಿಸುವಾಗ ತುಪ್ಪ ಹೋಗೈತೆ" ಅಂದ ದಿನ ಅವನಿಗೆ ಸಂಜೆಯ ಕಾಫಿ ಸಿಗಲಿಲ್ಲ.

ಚಿಕ್ಕಮ್ಮನ ತಂಗಿಯ ನಿಶ್ಚಿತಾರ್ಥದ ಕಥೆಯನ್ನಂತೂ ಅವರ ಕಡೆಯ ನೆಂಟರು ಇವತ್ತಿಗೂ ಬಿಟ್ಟಿಲ್ಲ. ಬೇಲೂರಿನಲ್ಲಿ ಹನ್ನೊಂದು ಗಂಟೆಗೆ ಮುಹೂರ್ತ. ಹಾರ ತರುವ ಕೆಲಸವೊಂದೇ ಚಿಕ್ಕಪ್ಪನದು. ಹಾರದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಬಿಸಿಲು ಬೀಳುವ ಸೀಟು ಹಿಡಿದು ಕೂತಿದ್ದಾನೆ. ಅರ್ಧ ಗಂಟೆಯ ದಾರಿ. ಬೇಲೂರು ಬಂತು, ಜನ ಇಳಿದರು, ಜನ ಹತ್ತಿದರು, ಬಸ್ಸು ಮುಂದಕ್ಕೆ ಹೊರಟಿತು. ಇವನು ತಲೆ ಎತ್ತಿದಾಗ ಎರಡೂ ಕಡೆ ಕಾಫಿ ತೋಟ! ಬೇಲೂರು ದಾಟಿ ಬಿಕ್ಕೋಡು!

ಅಲ್ಲಿಂದ ತೋಟದ ಜೀಪೊಂದನ್ನು ಕಾಡಿ ಬೇಡಿ ಹತ್ತಿ, ಕೂಲಿಯವರ ನಡುವೆ ನಿಂತುಕೊಂಡು ಬಂದ. ಅಷ್ಟರಲ್ಲಿ ಹಾರಕ್ಕಾಗಿ ಕಾದು ಕಾದು ಎರಡೂ ಕಡೆಯವರು ಮುಖ ಊದಿಸಿಕೊಂಡಿದ್ದರು. ಬೆವರು ಒರೆಸಿಕೊಳ್ಳುತ್ತ ಒಳಗೆ ನುಗ್ಗಿದ ಚಿಕ್ಕಪ್ಪ ಬುಟ್ಟಿ ಕೆಳಗಿಟ್ಟು, ನನ್ನನ್ನು ಕಂಡದ್ದೇ ಎಲ್ಲವನ್ನೂ ಮರೆತು, "ಕೊನೇ ಕೋಟೆ ಹತ್ಬುಟ್ಟೆ ಕಣವ್ವಾ!" ಎಂದು ಕೂಗಿಬಿಟ್ಟ. ಗಂಡಿನ ಅಜ್ಜನಿಗೆ ಕಿವಿ ಮಂದ. "ಯಾವ ಕೋಟೆ? ಚಿತ್ರದುರ್ಗದ್ದಾ? ಹಾರ ಅಷ್ಟು ದೂರದಿಂದ ತಂದ್ರಾ?" ಎಂದು ಕರಗಿಹೋದರು. ಮಾತುಕತೆ ಸುಸೂತ್ರವಾಗಿ ಮುಗಿಯಿತು!

ಅದೇ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್ ಆಯಿತು. "ದಿನಾ ನಡೆಸಿ, ಮಲಗಿಬಿಟ್ಟರೆ ಮತ್ತೆ ಏಳುವುದಿಲ್ಲ" ಎಂದು ಡಾಕ್ಟರು ಒತ್ತಿ ಹೇಳಿ, ಊರಿಕೊಂಡು ನಡೆಯಲು ಒಂದು ವಾಕರ್ ಕೊಡಿಸಿ ಕಳಿಸಿದರು. ಅಜ್ಜಿ ಆ ವಾಕರಿನ ಮೇಲೆ ಸೀರೆ ಒಣಹಾಕಿಸಿದಳು! "ಸಾಕು ಬಿಡ್ರೋ, ನಡೆದಿದ್ದು ಸಾಕು" ಎಂದು ಗೋಡೆ ಕಡೆ ಹೊರಳಿದಳು. ಗದರಿದೆವು, ಬೇಡಿಕೊಂಡೆವು. ಊಟವೂ ಕಡಿಮೆಯಾಗುತ್ತ ಬಂತು. ತಟ್ಟೆ ಎತ್ತಿಕೊಂಡು ಹೊರಗೆ ಬಂದ ಚಿಕ್ಕಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದೆ.

ಚಿಕ್ಕಪ್ಪ ಗದರಲಿಲ್ಲ. ಅಜ್ಜಿಯ ಮಂಚವನ್ನು ಕಿಟಕಿಯ ಬಿಸಿಲಿಗೆ ಎಳೆದು, ಪಕ್ಕದಲ್ಲಿ ಕೂತು, ಮೂರನೆಯ ಕ್ಯಾಸೆಟ್ಟು ಹಾಕಿದ. ಅದು ಅವನು ಅಲ್ಲಿಯವರೆಗೆ ಮುಟ್ಟದೇ ಇದ್ದ ಕಥೆಯ ಗೇಮು. ಒಬ್ಬ ಹುಡುಗ ಊರೂರು ಅಲೆಯುತ್ತಾನೆ, ಸಿಕ್ಕವರೆಲ್ಲ ಅವನಿಗೆ ಏನೋ ಹೇಳುತ್ತಾರೆ, ಎಲ್ಲವೂ ಜಪಾನಿ ಅಕ್ಷರದಲ್ಲಿ. ಚಿಕ್ಕಪ್ಪನಿಗೆ ಒಂದಕ್ಷರ ಬರದು. ಅದಕ್ಕೇನಂತೆ? ಇಪ್ಪತ್ತು ವರ್ಷದಿಂದ ಕಲ್ಲಿಗೆ ಕಥೆ ಹೇಳಿಸಿದವನಲ್ಲವೇ!

"ಅವ್ವ, ಈ ಹೈದನ್ನ ನೋಡು. ಇವ್ರಮ್ಮನ್ನ ಏಳು ಬೆಟ್ಟದಾಚೆ ಸೆರೆ ಇಟ್ಟವ್ರೆ. ಹುಡುಕ್ಕಂಡು ಹೊಂಟವ್ನೆ."

"ಪಾಪ. ಒಬ್ನೇಯಾ?" ಅಜ್ಜಿ ಈ ಕಡೆ ಹೊರಳಿದಳು.

"ಒಬ್ನೇ. ಆದ್ರೆ ಒಂದು ಕಷ್ಟ ಐತೆ. ನೀನು ಹತ್ತು ಹೆಜ್ಜೆ ಹಾಕಿದ್ರೆ ಇವ್ನು ಒಂದೂರು ದಾಟ್ತಾನೆ. ನೀನು ಮನೀಕಂಡ್ರೆ ಇವ್ನೂ ಮನೀಕತಾನೆ. ಈ ಡಬ್ಬಿ ಮಾಡಿರೋದೇ ಹಂಗೆ!"

ಅಜ್ಜಿ ಇದನ್ನು ನಂಬಿದಳೇ? ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಎರಡು ದಿನ ಬಿಟ್ಟು, "ಆ ಹೈದ ಎಲ್ಲಿಗಂಟ ಹೋದ್ನೋ?" ಅಂತ ಕೇಳಿದಳು. "ಅಲ್ಲೇ ಅವ್ನೆ, ಮೊದಲ್ನೇ ಊರ ಬಾವಿ ತಾವ," ಅಂದ ಚಿಕ್ಕಪ್ಪ. ಅಜ್ಜಿ ನಿಟ್ಟುಸಿರು ಬಿಟ್ಟು ವಾಕರಿನ ಮೇಲಿನ ಸೀರೆ ತೆಗೆಸಿದಳು! ಮೊದಲ ದಿನ ನಾಲ್ಕು ಹೆಜ್ಜೆ. ಹಲ್ಲು ಕಚ್ಚಿಕೊಂಡು, ಚಿಕ್ಕಪ್ಪನ ತೋಳಿಗೆ ಉಗುರು ಇಳಿಸಿ. ಬರಬರುತ್ತ ಕೋಣೆಯ ಬಾಗಿಲವರೆಗೆ, ಆಮೇಲೆ ನಡುಮನೆಯವರೆಗೆ. ಹುಡುಗ ಒಂದು ಬೆಟ್ಟ ದಾಟಿದ, ಎರಡು ದಾಟಿದ, ದಾಟಿದಂತೆಲ್ಲ ಚಿಕ್ಕಪ್ಪನ ಬಾಯಲ್ಲಿ ದೊಡ್ಡವನಾಗುತ್ತ ಹೋದ. ಅಕ್ಕಪಕ್ಕದ ಮನೆಯ ಹೆಂಗಸರು ಬಂದು, "ಹುಡುಗ ಎಷ್ಟನೇ ಬೆಟ್ಟದಲ್ಲವ್ನೆ?" ಎಂದು ವಿಚಾರಿಸುವ ಮಟ್ಟಿಗೆ ಅದು ಊರ ಸುದ್ದಿಯಾಯಿತು!

ಒಮ್ಮೆ ಜಪಾನಿನ ಒಬ್ಬ ವಿದ್ಯಾರ್ಥಿನಿ ದೇವಸ್ಥಾನ ನೋಡಲು ಬಂದಿದ್ದಳು. ಚಿಕ್ಕಪ್ಪ ಅವಳನ್ನು ಕಾಫಿಗೆಂದು ಮನೆಗೆ ಕರೆತಂದ. ಡಬ್ಬಿ ಕಂಡು ಅವಳು ಕಿರುಚಿದಳು, ಖುಷಿಗೆ! ಪರದೆಯ ಮೇಲೆ ಬಿಳಿ ಗಡ್ಡದ ಮುದುಕನೊಬ್ಬ ಉದ್ದಕ್ಕೆ ಏನೋ ಹೇಳುತ್ತಿದ್ದ. "ಬೆಟ್ಟದ ಗುಟ್ಟನ್ನು ತಿಳಿಸುವ ಋಷಿ" ಎಂದು ಚಿಕ್ಕಪ್ಪ ಅಜ್ಜಿಗೆ ಹಿಂದಿನ ದಿನವಷ್ಟೇ ಪರಿಚಯಿಸಿದ್ದು ಇವನನ್ನೇ. ಹುಡುಗಿ ಇಂಗ್ಲಿಷಿನಲ್ಲಿ ಓದಿ ಹೇಳಿದಳು: "ಇವತ್ತು ಅಂಗಡಿಗೆ ರಜೆ. ಮೂಲಂಗಿ ಬೇಕಿದ್ದರೆ ನಾಳೆ ಬಾ."

ನನಗೆ ಕಾಫಿ ನೆತ್ತಿಗೇರಿತು. ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

"ಏನಂತೋ?" ಅಂದಳು ಅಜ್ಜಿ.

"ಅವ್ರಮ್ಮ ಕ್ಷೇಮವಾಗವ್ಳಂತೆ ಕಣವ್ವ," ಅಂದ ಚಿಕ್ಕಪ್ಪ, ಮುಖದಲ್ಲಿ ಒಂದು ಗೆರೆ ಅಲುಗದೆ. ಆ ಹುಡುಗಿಗೆ ಕನ್ನಡ ಬರದು. ಆದರೂ ಅಜ್ಜಿಯ ಮುಖ ಅರಳಿದ್ದನ್ನು ನೋಡಿ ಏನು ತಿಳಿದುಕೊಂಡಳೋ, ಆಮೇಲೆ ಒಂದಕ್ಷರವನ್ನೂ ಓದಿ ಹೇಳಲಿಲ್ಲ. ಹೊರಡುವಾಗ ಚಿಕ್ಕಪ್ಪನಿಗೆ ಬಗ್ಗಿ ನಮಸ್ಕಾರ ಮಾಡಿ ಹೋದಳು.

ಆರು ಬೆಟ್ಟ ಮುಗಿದವು. ಅಜ್ಜಿ ವಾಕರ್ ಹಿಡಿದು ಹಿತ್ತಿಲ ಬಾಗಿಲವರೆಗೂ ಬರುತ್ತಿದ್ದಳು. ಏಳನೆಯ ಬೆಟ್ಟ ಶುರುವಾಗಬೇಕಿದ್ದ ದಿನ ನಾನು ಅದಕ್ಕಾಗಿಯೇ ಅರಸೀಕೆರೆಯಿಂದ ಬಂದಿದ್ದೆ. ಚಿಕ್ಕಪ್ಪ ಜಗುಲಿಯಲ್ಲಿ ಕೂತು ಗುಂಡಿ ಒತ್ತಿದ. ಡಬ್ಬಿ ಪೀ ಎಂದಿತು. ಹುಡುಗ ಮೊದಲನೇ ಊರಿನ ಬಾವಿಯ ಹತ್ತಿರ ನಿಂತಿದ್ದ!

ಆರಿಸಿ ಮತ್ತೆ ಹಾಕಿದ. ಕ್ಯಾಸೆಟ್ಟು ತೆಗೆದು ಊದಿ ಹಾಕಿದ. ಅದೇ ಬಾವಿ. ಆಟವನ್ನು ನೆನಪಿಟ್ಟುಕೊಳ್ಳಲು ಕ್ಯಾಸೆಟ್ಟಿನೊಳಗೆ ಒಂದು ಬಿಲ್ಲೆಯಂಥ ಸೆಲ್ ಇರುತ್ತದೆ, ಅದು ಸತ್ತರೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ ಎನ್ನುವುದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ, ಅರಸೀಕೆರೆಯ ರೇಡಿಯೋ ರಿಪೇರಿಯವರಿಂದ. ಆ ಹೊತ್ತಿಗೆ ತಿಳಿದದ್ದು ಇಷ್ಟೇ, ಆರು ಬೆಟ್ಟ ಹೋದವು. ಎಂಥ ಮಾತಿಗೂ ಮಾತು ಜೋಡಿಸುತ್ತಿದ್ದ ನಮ್ಮ ಚಿಕ್ಕಪ್ಪ, ಎರಡು ಕೈಯಲ್ಲೂ ಆ ಡಬ್ಬಿ ಹಿಡಿದುಕೊಂಡು, ಬೀದಿ ನೋಡುತ್ತ ಕೂತುಬಿಟ್ಟ.

"ಯಾಕೋ, ಸದ್ದೇ ಇಲ್ಲ?" ಒಳಗಿನಿಂದ ಅಜ್ಜಿ ಕೂಗಿದಳು.

"ಎಲ್ಲಾ ಹೊಂಟೋಯ್ತು ಕಣವ್ವ," ಅಂದ ಚಿಕ್ಕಪ್ಪ. "ಹೈದ ಮತ್ತೆ ಮೊದಲ್ನೇ ಊರಿಗೇ ಬಂದ್ಬುಟ್ಟವ್ನೆ."

ಒಳಗಿನಿಂದ ಗೋಡೆ ಸವರುವ ಸದ್ದು, ಬಳೆಯ ಸದ್ದು. ತಿರುಗಿ ನೋಡಿದರೆ ಅಜ್ಜಿ ಹೊಸ್ತಿಲಲ್ಲಿ ನಿಂತಿದ್ದಾಳೆ! ವಾಕರ್ ಇಲ್ಲ, ಯಾರ ತೋಳೂ ಇಲ್ಲ. ಏಳಲು ಹೋದ ನನ್ನನ್ನು ಕಣ್ಣಲ್ಲೇ ಕೂರಿಸಿದಳು. ಕಂಬ ಹಿಡಿದು ನಿಧಾನಕ್ಕೆ ಮಗನ ಪಕ್ಕ ಕೂತಳು. ಬೋಳಾಗತೊಡಗಿದ್ದ ಅವನ ತಲೆಯ ಮೇಲೆ ಕೈಯಿಟ್ಟಳು.

"ಮೊದಲ್ನೇ ಊರು ಅಂದ್ರೆ, ಅವ್ನು ತಿರ್ಗಾ ಚಿಕ್ಕೋನಾದ್ನಾ?"

"ಹೂಂ ಕಣವ್ವ."

"ಆಗ್ಲಿ ಬಿಡು ಮಗ," ಅಂದಳು ಅಜ್ಜಿ. "ಅವ್ರಮ್ಮಂಗೆ ಅದಕ್ಕಿಂತ ಇನ್ನೇನ್ಲಾ ಬೇಕು?"