ನಕ್ಷತ್ರಗಳ ವಯಸ್ಸೂ ನಮ್ಮಜ್ಜಿಯ ಬಾಯಿಯೂ

ಇನ್ನೊಬ್ಬರ ವಯಸ್ಸು ಕೇಳಬಾರದು ಅಂತಾರೆ. ನನಗೋ ಅದೇ ಕಸುಬು! ಮನುಷ್ಯರದ್ದಲ್ಲ, ನಕ್ಷತ್ರಗಳದ್ದು. ಎಲ್ಲೋ ದೂರದಲ್ಲಿರುವ ಮೊಟ್ಟೆಯಾಕಾರದ ಗೆಲಾಕ್ಸಿಗಳ ಬೆಳಕು ನೋಡಿ, ಅಲ್ಲಿನ ನಕ್ಷತ್ರಗಳಿಗೆ ಎಷ್ಟು ವಯಸ್ಸು, ಒಳಗೆ ಕಬ್ಬಿಣಗಿಬ್ಬಿಣ ಎಷ್ಟಿದೆ ಅಂತ ಅಂದಾಜು ಮಾಡುವುದೇ ನನ್ನ ಪಿಎಚ್‌ಡಿ. ಕೊಯಮತ್ತೂರಿನಲ್ಲಿ ಇಂಥ ಕಸುಬು ಹಿಡಿದರೆ ಕೇಳಬೇಕೆ, ದಿನಾ ಒಂದಲ್ಲ ಒಂದು ಪಜೀತಿ.

೧. ಗಂಡಿನ ಫೋಟೋ

ಸಿಂಗಾನಲ್ಲೂರಿನ ನಮ್ಮ ಬೀದಿಯ ಅತ್ತೆಯೊಬ್ಬರು, ಮಗಳಿಗೆ ಬಂದ ಗಂಡಿನ ಫೋಟೋ ಹಿಡಿದು ಬಂದರು.

"ಇಪ್ಪತ್ತೆಂಟು ಅಂತಾರೆ ಅಮ್ಮಿಣಿ. ನೀನು ನೋಡಿ ನಿಜ ಹೇಳಿಬಿಡು."

"ಅತ್ತೆ, ನಮ್ಮ ಲೆಕ್ಕದಲ್ಲಿ ನೂರು ಕೋಟಿ ವರ್ಷ ಆಚೀಚೆ ಆಗುತ್ತೆ" ಅಂದೆ.

ಅತ್ತೆ ಫೋಟೋ ಕಿತ್ತುಕೊಂಡರು. "ಬೇಡಮ್ಮ, ಬ್ರೋಕರೇ ವಾಸಿ. ಅವನು ಐದಾರು ವರ್ಷ ಮಾತ್ರ ಸುಳ್ಳು ಹೇಳ್ತಾನೆ."

೨. ಚಿಕ್ಕಪ್ಪನ ತಲೆ

ನಮ್ಮದು ತಮಿಳು ಊರಿನಲ್ಲಿ ಕನ್ನಡ ಮಾತಾಡುವ ಮಗ್ಗದ ಮನೆ. ಅಜ್ಜಿಗೆ ಒಂದೇ ಅನುಮಾನ: "ಬಣ್ಣ ನೋಡಿದ್ರೆ ವಯಸ್ಸು ಗೊತ್ತಾಗಲ್ವಾ? ಅದಕ್ಕೆ ಇಷ್ಟು ವರ್ಷ ಓದಬೇಕಾ?"

"ಅಲ್ಲೇ ಇರೋದಜ್ಜಿ ತೊಂದರೆ. ನಕ್ಷತ್ರಗಳು ಮುದಿಯಾದ್ರೂ ಬೆಳಕು ಕೆಂಪು, ಕಬ್ಬಿಣ ಜಾಸ್ತಿ ಇದ್ರೂ ಕೆಂಪು. ಕಪ್ಪು ಕೂದಲು ನೋಡಿ ಹುಡುಗ ಅಂತ ಹೇಳೋಕಾಗುತ್ತಾ? ಡೈ ಹಾಕಿರಬಹುದಲ್ಲ!"

ಅಜ್ಜಿಗೆ ತಟ್ಟನೆ ಅರ್ಥವಾಯಿತು. ಎದ್ದು ಹೋಗಿ, ಮಗ್ಗದಲ್ಲಿ ಕೂತಿದ್ದ ಚಿಕ್ಕಪ್ಪನ ತಲೆ ಬಗ್ಗಿಸಿ, ಕೂದಲ ಬುಡ ನೋಡಿ "ಆಮಾ, ಸರಿಯೇ" ಅಂದಳು. ಚಿಕ್ಕಪ್ಪ ವಾರವಿಡೀ ತಲೆಗೆ ಟವೆಲ್ ಸುತ್ತಿಕೊಂಡೇ ನೇಯ್ದರು.

೩. ವೈವಾ

ನಮ್ಮ ಕಡೆ ವೈವಾ, ಅದೇ ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ, ಅಂದರೆ ಅರ್ಧ ಮದುವೆ. ಯಾರು ಬೇಕಾದರೂ ಬಂದು ಕೂರಬಹುದು. ಊಟ ಹಾಕಿಸೋದು ನಾವು. ಅಜ್ಜಿ ಮುಂದಿನ ಸಾಲಿನಲ್ಲೇ ಕೂತಳು. ಹೊರಗಿನಿಂದ ಬಂದ ಪರೀಕ್ಷಕರು ಮಹಾ ಸಿಡುಕರು ಅಂತ ಹೆಸರು. ಅವರು ಹೂಂ ಅಂದರೆ ನಾನು ಡಾಕ್ಟರ್. ಇಲ್ಲವೋ, ಅಷ್ಟು ವರ್ಷದ ದುಡಿಮೆ ನೀರಲ್ಲಿ ಹೋಮ.

ಎಲ್ಲ ಚೆನ್ನಾಗೇ ನಡೆದಿತ್ತು. ಕೊನೆಗೆ ಅವರು, "ಬಣ್ಣ ಒಂದರಿಂದಲೇ ವಯಸ್ಸು ಯಾಕೆ ಹೇಳಲಾಗದು? ಸಭೆಯಲ್ಲಿರೋ ಎಲ್ಲರಿಗೂ ಅರ್ಥವಾಗುವಂತೆ ಒಂದು ಉದಾಹರಣೆ ಕೊಡಿ" ಅಂದರು.

ಬಾಯಿ ತೆರೆದೆ. ಅವರ ತಲೆ ಕಂಡಿತು. ಕಾಡಿಗೆಯಷ್ಟು ಕಪ್ಪು, ಬುಡದಲ್ಲಿ ಮಾತ್ರ ಬೆಳ್ಳಗೆ! ತೆರೆದ ಬಾಯಿ ಹಾಗೇ ಉಳಿಯಿತು. ಬೇರೆ ಉದಾಹರಣೆ ಹೊಳೆಯಲೊಲ್ಲದು.

ನಾನು ಮರೆತೆ ಅಂದುಕೊಂಡಳು ಅಜ್ಜಿ. ಕನ್ನಡದಲ್ಲಿ ಕೂಗಿದ್ದರೆ ಬಚಾವಾಗುತ್ತಿದ್ದೆ. ಪುಣ್ಯಾತ್ಗಿತ್ತಿ, ಸಭೆಗೆಲ್ಲ ತಿಳಿಯಲಿ ಅಂತ ತಮಿಳಿನಲ್ಲೇ ಕೂಗಿದಳು: "ಅಮ್ಮಿಣಿ, ಅದೇ ಆ ಕೂದಲಿನ ಡೈ ಕಥೆ ಹೇಳು!"

ನನ್ನ ಗೈಡ್ ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು ಮೆಲ್ಲಗೆ ತಲೆ ಸವರಿಕೊಂಡರು. "ಸರಿ. ಹಾಗಾದರೆ ನಿಜವಾದ ವಯಸ್ಸು ಹೇಗೆ ಕಂಡುಹಿಡಿಯೋದು?"

"ಸರ್, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ವಯಸ್ಸು ಹೇಳುವ ಜಲಜನಕದ ಗೆರೆ ಬೇರೆ, ಕಬ್ಬಿಣದ ಗೆರೆ ಬೇರೆ ಅಳೆಯಬೇಕು..."

"ಅಂದರೆ ಬುಡ ನೋಡಬೇಕು" ಅಂದು, ಮನುಷ್ಯ ಗಹಗಹಿಸಿ ನಕ್ಕುಬಿಟ್ಟರು! ಪಾಸು ಅಂದರು. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಊಟಕ್ಕೆ ಅವರು ಬೇಕಂತಲೇ ಅಜ್ಜಿಯ ಪಕ್ಕ ಕೂತರು. "ಹೇಳಿ ಪಾಟಿ, ನನಗೆಷ್ಟು ವಯಸ್ಸು?"

ಅಜ್ಜಿ ಪಾಯಸ ಉಣ್ಣುತ್ತಿದ್ದ ಕೈ ತಡೆದು, ಅವರ ತಲೆಯನ್ನು ಸುತ್ತಲೂ ನೋಡಿದಳು.

"ಬುಡ ನೋಡಿದ್ರೆ ಅರವತ್ತು. ಆದ್ರೆ ನಮ್ಮ ಹುಡುಗೀನ ಪಾಸು ಮಾಡಿದ್ದೀರಿ. ನಲವತ್ತೇ ಇರಲಿ, ಬಿಡಿ."